ಕಂದಹಾರ್ ಬೀದಿಯಲ್ಲಿ ಕುಂದಾಪುರದ ಘಮ

ಅರಿಸಿನ ಎಲೆ! ಕಡುಬಿಗೆ ಸುತ್ತುವ ಅದೇ ಅಗಲದ ಎಲೆ, ಉದ್ದಕ್ಕೆ ಮಡಚಿ, ಗಂಟು ಹಾಕಿ, ಮಸಾಲೆಯೊಳಗೆ ಬಿಟ್ಟಿದ್ದಾರೆ! ನಾಗರ ಪಂಚಮಿಯ ದಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಯಾವ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ನಿಂತರೂ ಆ ಪರಿಮಳ ಎದುರುಗೊಳ್ಳುತ್ತದೆ. ಎಲೆಗೆ ಅಕ್ಕಿ ಹಿಟ್ಟು ಸವರಿ, ಕಾಯಿ-ಬೆಲ್ಲದ ಹೂರಣ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವಾಗ ಏಳುವ ಪರಿಮಳ ಅದು. ಈಗ ಅದೇ ಪರಿಮಳ ಸಿಂಗಾಪುರದ ಕಂದಹಾರ್ ಬೀದಿಯ ಊಟದ ಅಂಗಡಿಯೊಂದರಲ್ಲಿ, ಸುಮಾತ್ರಾ ದ್ವೀಪದವರ ಮಾಂಸದ ಅಡುಗೆಯೊಳಗಿಂದ ಏಳುತ್ತಿತ್ತು. ನನ್ನ ಜೊತೆಗಿದ್ದ ಚಿಕ್ಕಮ್ಮನ ಮಗಳು, ಉಪ್ಪುಂದದ ಹುಡುಗಿ, ಗಾಜಿನ ಪೆಟ್ಟಿಗೆಗೆ ಮುಖ ಒತ್ತಿಕೊಂಡೇ ಕೂಗಿದಳು: "ಅಕ್ಕ, ಇಲ್ ಕಾಣ್! ಅರ್ಸಿನ ಎಲಿ ಅಲ್ದಾ ಅದು?"

ನಾವು ಹೊರಟದ್ದು ಊರಿನ ಊಟ ಹುಡುಕಿಕೊಂಡು. ಅವಳಿಗೆ ಅಲ್ಲಿ ಕೆಲಸ, ನಾನು ನೋಡಿಬರಲು ಹೋದವಳು. ಪರದೇಶದ ದೊಡ್ಡ ಪಟ್ಟಣದಲ್ಲಿ ನಮ್ಮವರಿಗೆ ಅರ್ಧ ಊರು ಸುಲಭವಾಗಿಯೇ ಸಿಗುತ್ತದೆ. ಸೆರಂಗೂನ್ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ, ಎಂಟಿಆರ್ ಉಂಟು. ಆ ಹೆಸರಿನ ಬೇರು ಎಲ್ಲಿದೆ ಎಂಬುದು ಬೆಂಗಳೂರಿಗರಿಗಿಂತ ಚೆನ್ನಾಗಿ ಬ್ರಹ್ಮಾವರದ ಕಡೆಯವರಿಗೆ ಗೊತ್ತು. ಸಾಲಿಗ್ರಾಮದ ಹತ್ತಿರ, ಸೀತಾನದಿಯ ದಂಡೆಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ಬಳಿ ಬ್ರಾಹ್ಮಿನ್ ಕಾಫಿ ಕ್ಲಬ್ ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪ್ ಸುತ್ತಿ ಬಂದು, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ತಮ್ಮ ಅಡುಗೆಮನೆಗೆ ತಂದರು. 2013ರಲ್ಲಿ ಅವರ ಮನೆತನದವರು ಸಿಂಗಾಪುರದಲ್ಲಿ ಬಾಗಿಲು ತೆರೆದರು. ಪಾರಂಪಳ್ಳಿಯ ತೋಡಿನ ಬದಿಯ ಒಂದು ಮನೆಯಿಂದ ಹೊರಟ ಕೈರುಚಿ ಸಮುದ್ರ ದಾಟಿ ಅಲ್ಲಿ ಕೂತಿದೆ! ತುಪ್ಪ ಇಳಿಯುವ ದೋಸೆ, ಬೆಳ್ಳಿ ಲೋಟದ ಕಾಫಿ. ತಿಂದೆವು, ಕಣ್ಣು ತುಂಬಿ ಬಂತು.

ಆದರೆ ಗಂಗೊಳ್ಳಿಯ ಮೀನು, ಕುಂದಾಪುರದ ಕೋಳಿ ಸಾರು ಉಂಡು ಬೆಳೆದ ನಾಲಿಗೆಗೆ ಇನ್ನರ್ಧ ಊರು ಬೇಕು. ಕಾಯಿಹಾಲು ಬೇಕು. ಹುಳಿ, ಖಾರ, ಒಣ ಚಟ್ಲಿಯ ವಾಸನೆ ಬೇಕು. ಅದಕ್ಕೆ ಎಲ್ಲಿ ಹೋಗುವುದು? ತಂಗಿಯ ಕಚೇರಿಯ ಇಂಡೋನೇಷ್ಯಾದ ಗೆಳತಿಯೊಬ್ಬಳು ಅವಳ ಡಬ್ಬಿಯ ಕೋಳಿ ಸುಕ್ಕ ರುಚಿ ನೋಡಿ, ಹಾಗಿದ್ದರೆ ನೀವು ನಮ್ಮ ಪಾದಾಂಗ್ ಕಡೆಯ ಊಟ ಉಣ್ಣಲೇಬೇಕು ಎಂದು ಹೇಳಿದ್ದಳಂತೆ. ಅಷ್ಟೇ ಸುಳಿವು ಸಾಕಾಯಿತು. ಸೆರಂಗೂನ್ ರಸ್ತೆಯಿಂದ ದಕ್ಷಿಣಕ್ಕೆ ನಡೆದು, ರೋಚೋರ್ ಕಾಲುವೆ ದಾಟಿದರೆ ಕಂಪೋಂಗ್ ಗ್ಲಾಮ್. ಸುಲ್ತಾನ್ ಮಸೀದಿಯ ಹೊನ್ನಿನ ಬಣ್ಣದ ಗುಮ್ಮಟ ಕಾಣುತ್ತದೆ. ಅದರ ಬದಿಯಲ್ಲೇ ಕಂದಹಾರ್ ಬೀದಿ. ಅಲ್ಲಿ ರುಮಾ ಮಾಕಾನ್ ಮಿನಾಂಗ್ ಎಂಬ ಅಂಗಡಿ 1954ರಿಂದ ಅನ್ನ ಬಡಿಸುತ್ತಿದೆ. ಪಾದಾಂಗ್ ಪಟ್ಟಣವಿರುವ ಪಶ್ಚಿಮ ಸುಮಾತ್ರಾದ ಮಿನಾಂಗ್ಕಬಾವ್ ಜನ ನಮ್ಮ ಹೋಟೆಲು ಜನರ ಹಾಗೆಯೇ ಊರು ಬಿಟ್ಟು ದುಡಿಯಲು ಹೆಸರಾದವರು. ಹರೆಯಕ್ಕೆ ಬಂದ ಹುಡುಗ ಹೊರಗೆ ಹೋಗಿ ಬದುಕು ಕಟ್ಟಿಕೊಂಡು ಬರಬೇಕೆಂಬುದು ಅವರಲ್ಲಿ ಪದ್ಧತಿಯೇ. ಹೋದಲ್ಲೆಲ್ಲ ಊಟದ ಅಂಗಡಿ ಇಟ್ಟರು. ಇಂಡೋನೇಷ್ಯಾದ ಯಾವ ಪಟ್ಟಣಕ್ಕೆ ಹೋದರೂ ಪಾದಾಂಗ್ ಊಟದ ಅಂಗಡಿ ಸಿಗುತ್ತದೆ. ಮುಂಬಯಿಯಲ್ಲಿ ಉಡುಪಿ ಹೋಟೆಲು ಸಿಗುವುದಿಲ್ಲವೇ, ಹಾಗೆ! ಇನ್ನೂ ಒಂದು ಮಾತು ಕೇಳಿ ನಮ್ಮ ಸೀಮೆಯವರು ಬೆರಗಾಗಬೇಕು: ಮಿನಾಂಗ್ಕಬಾವ್ ಜನರಲ್ಲಿ ಮನೆ-ಗದ್ದೆ ಇಳಿಯುವುದು ತಾಯಿಯಿಂದ ಮಗಳಿಗೆ. ನಮ್ಮ ಅಳಿಯಕಟ್ಟು!

ಗಾಜಿನ ಪೆಟ್ಟಿಗೆಯಲ್ಲಿ ತಟ್ಟೆಯ ಮೇಲೆ ತಟ್ಟೆ. ಬೆರಳು ತೋರಿಸಿದರೆ ಸಾಕು, ಅನ್ನದ ಮೇಲೆ ಬಡಿಸುತ್ತಾರೆ. ಸುಮಾತ್ರಾದಲ್ಲಾದರೆ ಕೇಳುವುದೂ ಇಲ್ಲವಂತೆ, ಇರುವ ಬಗೆಯನ್ನೆಲ್ಲ ಪುಟ್ಟ ತಟ್ಟೆಗಳಲ್ಲಿ ತಂದು ಮೇಜಿನ ಮೇಲೆ ಹರಡುತ್ತಾರೆ. ಮುಟ್ಟಿದ್ದಕ್ಕೆ ಮಾತ್ರ ದುಡ್ಡು. ನಾನು ಮೊದಲು ತೋರಿಸಿದ್ದು ಕೋಳಿ ರೆಂದಾಂಗ್. ರೆಂದಾಂಗ್ ಸಾಮಾನ್ಯವಾಗಿ ದನದ ಅಥವಾ ಎಮ್ಮೆಯ ಮಾಂಸದ್ದು. ಕೋಳಿಯದೂ ಉಂಟು, ಎಳೆ ಹಲಸಿನದೂ ಉಂಟು.

ರೆಂದಾಂಗ್ ಆಗುವ ಬಗೆ ಕೇಳಿದರೆ ನಮ್ಮ ಅಡುಗೆಯವರು ಎದ್ದು ಕೂರಬೇಕು. ಕೆಂಪು ಮೆಣಸು, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಸಿನ, ದುಂಪರಾಷ್ಮಿ ಇವನ್ನೆಲ್ಲ ಕಲ್ಲಿನಲ್ಲಿ ಅರೆಯುತ್ತಾರೆ. ದಪ್ಪ ಕಾಯಿಹಾಲಿಗೆ ಹಾಕಿ, ಮಜ್ಜಿಗೆ ಹುಲ್ಲು ಜಜ್ಜಿ ಸೇರಿಸಿ, ಒಂದು ಜಾತಿಯ ನಿಂಬೆಯ ಎಲೆ, ಅರಿಸಿನ ಎಲೆ, ನಮ್ಮ ಮುರುಗಲಿನ ಕುಲದ್ದೇ ಆದ ಒಂದು ಹುಳಿಯ ಒಣ ಸಿಪ್ಪೆ ಹಾಕಿ ಮಾಂಸವನ್ನು ಅದರಲ್ಲಿ ಬೇಯಲು ಬಿಡುತ್ತಾರೆ. ಮೊದಲು ಅದು ತೆಳು ಸಾರು. ಆಗ ಅದರ ಹೆಸರು ಗುಲೈ. ಬೆಂದು ಬತ್ತಿ, ಗಟ್ಟಿ ಗಸಿಯಾದಾಗ ಕಾಲಿಯೊ. ಅಲ್ಲಿಗೂ ಒಲೆ ಆರಿಸುವುದಿಲ್ಲ. ಇನ್ನೂ ಗಂಟೆಗಟ್ಟಲೆ ಮಗುಚುತ್ತಾ ಹೋದಂತೆ ಕಾಯಿಹಾಲು ತನ್ನ ಎಣ್ಣೆಯನ್ನು ಬಿಡುತ್ತದೆ, ಆ ಎಣ್ಣೆಯಲ್ಲೇ ಮಾಂಸ ಹುರಿದುಕೊಳ್ಳುತ್ತದೆ, ಬಣ್ಣ ಕಪ್ಪಿಗೆ ತಿರುಗುತ್ತದೆ. ಅದು ರೆಂದಾಂಗ್. ಶೈತ್ಯಪೆಟ್ಟಿಗೆ ಇಲ್ಲದ ಕಾಲದಲ್ಲೂ ದಿನಗಟ್ಟಲೆ ಕೆಡುತ್ತಿರಲಿಲ್ಲ. ಊರು ಬಿಟ್ಟು ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಸಾರು, ಗಸಿ, ಸುಕ್ಕ! ನಾವು ಮೂರು ಪಾತ್ರೆಯಲ್ಲಿ ಮಾಡುವ ಮೂರು ಅಡುಗೆ ಅವರಲ್ಲಿ ಒಂದೇ ಬಾಣಲೆಯಲ್ಲಿ ಒಂದಾದ ಮೇಲೊಂದು ಹುಟ್ಟುತ್ತವೆ. ಬಾಯಿಗಿಟ್ಟಾಗ ಮೊದಲು ಕಾಯಿಯ ಸಿಹಿ, ಹಿಂದೆಯೇ ಮೆಣಸಿನ ಖಾರ, ನುಂಗಿದ ಮೇಲೆ ಗಂಟಲಲ್ಲಿ ಅರಿಸಿನ ಎಲೆ. ನಮ್ಮ ಸುಕ್ಕದಲ್ಲಿ ಕೊತ್ತಂಬರಿ, ಜೀರಿಗೆ, ಮೆಂತೆ ಮುಂದೆ ನಿಲ್ಲುತ್ತವೆ. ಇದರಲ್ಲಿ ಎಲೆ ಮತ್ತು ಬೇರುಗಳು. ಆದರೂ ಒಂದೇ ತಾಯಿಯ ಮಕ್ಕಳೆಂದು ನಾಲಿಗೆ ಪಟ್ಟನೆ ಹೇಳಿಬಿಟ್ಟಿತು.

ಆಮೇಲೆ ನಮಗೆ ತಡೆಯೇ ಇರಲಿಲ್ಲ. "ಅದೆಂತದ್ ಹಳ್ದಿ ಸಾರು?" ಅಂತ ತಂಗಿ ತೋರಿಸಿದರೆ, ಎಳೆ ಹಲಸಿನ ಗುಲೈ. ಗುಜ್ಜೆ! ಕಾಯಿಹಾಲಿನಲ್ಲಿ ಅರಿಸಿನದೊಡನೆ ಬೆಂದ ಗುಜ್ಜೆ! ಅದರ ಪಕ್ಕ ಮರಗೆಣಸಿನ ಎಲೆಯ ಸಾರು, ಅದರಾಚೆ ಬದನೆಕಾಯಿ ಹುರಿದು ಮೇಲೆ ಕೆಂಪು ಮೆಣಸು ಹಚ್ಚಿದ್ದು, ಇನ್ನೊಂದರಲ್ಲಿ ಅಲಸಂದೆ ಕೋಡಿಗೂ ಕ್ಯಾಬೇಜಿಗೂ ಹೆರೆದ ಕಾಯಿ-ಮೆಣಸು ಕಲಸಿದ ಉರಾಪ್. ಅದು ನಮ್ಮ ಪಲ್ಯಕ್ಕೆ ಒಗ್ಗರಣೆಯೊಂದನ್ನು ಬಿಟ್ಟಂತೆ ಇತ್ತು. ಒಣ ಕಾಯಿತುರಿಯನ್ನು ಮಸಾಲೆಯೊಡನೆ ಕೆಂಪಗೆ ಹುರಿದು ಅನ್ನದ ಮೇಲೆ ಉದುರಿಸುವ ಸೆರುಂದೆಂಗ್ ಕಂಡಾಗಲಂತೂ ನಾನು ಮಾತೇ ಆಡಲಿಲ್ಲ. ಸುಕ್ಕದ ಕಾಯಿಯನ್ನು ಬಾಣಲೆಯ ತಳದಿಂದ ಕೆರೆದು ತಿನ್ನದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ?

ಸಾಂಬಲ್‌ಗೆ ಬನ್ನಿ. ಅದು ಇಂಡೋನೇಷ್ಯಾದ ಚಟ್ನಿ, ದ್ವೀಪಕ್ಕೊಂದು, ಮನೆಗೊಂದು. ಚಪ್ಪಟೆ ಕಲ್ಲಿನ ಮರಿಗೆಯಲ್ಲಿ ಹಸಿ ಕೆಂಪು ಮೆಣಸು, ಉಪ್ಪು, ಟೊಮೆಟೊ, ಜೊತೆಗೆ ತೆರಾಸಿ ಹಾಕಿ ಅರೆಯುತ್ತಾರೆ. ತೆರಾಸಿ ಎಂದರೆ ಸಣ್ಣ ಚಟ್ಲಿಯನ್ನು ಉಪ್ಪು ಹಾಕಿ, ಹುಳಿ ಬರಿಸಿ, ಒಣಗಿಸಿ ಮಾಡಿದ ಗಟ್ಟಿ. ಬೆಂಕಿಗೆ ತೋರಿಸಿದಾಗ ಬೀದಿಯ ಕೊನೆಯವರೆಗೂ ವಾಸನೆ. ಮಳೆಗಾಲದಲ್ಲಿ, ದೋಣಿ ಕಡಲಿಗೆ ಇಳಿಯದ ದಿನಗಳಲ್ಲಿ, ಒಣ ಚಟ್ಲಿಯನ್ನು ಹೆಂಚಿನಲ್ಲಿ ಹುರಿದು, ಕಾಯಿ, ಮೆಣಸು, ಹುಣಸೆಹುಳಿ ಸೇರಿಸಿ ಅರೆದು ಗಂಜಿಗೆ ನೆಂಜಿಕೊಳ್ಳುವ ನಮ್ಮ ಚಟ್ನಿಯನ್ನು ನೆನೆಯಿರಿ. ಬಿಸಿ ಅನ್ನಕ್ಕೆ ಆ ಸಾಂಬಲ್ ಕಲಸಿ ಮೊದಲ ತುತ್ತು ಬಾಯಿಗಿಟ್ಟ ತಂಗಿ ಅಂದದ್ದು: "ಮಳಿ ಒಂದ್ ಬಂದ್ರೆ ಆಯ್ತ್ ಅಕ್ಕ, ಉಪ್ಪುಂದವೇ." ಹೊರಗೆ ನಿಜವಾಗಿಯೂ ಮಳೆ ಸುರಿಯತೊಡಗಿತ್ತು. ಸಿಂಗಾಪುರದಲ್ಲಿ ಮಳೆಗೆ ತಿಂಗಳು ಗೊತ್ತಿಲ್ಲ.

ಇನ್ನು ಮೀನು. ಇಂಡೋನೇಷ್ಯಾದ ಸಾಧಾರಣ ಮನೆಗಳಲ್ಲಿ ದಿನನಿತ್ಯ ಬೇಯುವ ಕೆಂಬುಂಗ್ ಯಾವುದು ಗೊತ್ತೇ? ನಮ್ಮ ಬಂಗುಡೆ! ಹೋಲುವ ಮೀನು ಎಂದು ಹೇಳುತ್ತಿಲ್ಲ, ವಿಜ್ಞಾನಿಗಳು ಒಂದೇ ಹೆಸರಿನಿಂದ ಗುರುತಿಸುವ ಅದೇ ಜಾತಿ. ಕೆಂಪು ಸಮುದ್ರದಿಂದ ಹಿಡಿದು ಇಂಡೋನೇಷ್ಯಾದ ದ್ವೀಪಗಳಾಚೆಗೂ ಅದರ ಓಡಾಟ. ಅದಕ್ಕೆ ಅವರು ಹಾಕುವ ಹುಳಿಗಳಲ್ಲಿ ಒಂದು ಬಿಂಬುಳಿ. ನಮ್ಮ ಬಾವಿಕಟ್ಟೆಯ ಹತ್ತಿರ, ಕಾಂಡಕ್ಕೇ ಗೊಂಚಲು ಅಂಟಿಕೊಂಡು ಜೋಲುವ ಬಿಂಬುಳಿಯ ಮೂಲ ನೆಲೆ ಅವರ ಮಲುಕು ದ್ವೀಪಗಳೆಂದು ಸಸ್ಯಶಾಸ್ತ್ರ ಬಲ್ಲವರು ಹೇಳುತ್ತಾರೆ. ಜೀಗುಜ್ಜೆಯೂ ಆ ಕಡೆಯಿಂದಲೇ ಬಂದದ್ದು. ಅವರು ಅದನ್ನು ಹೋಳು ಮಾಡಿ ಎಣ್ಣೆಯಲ್ಲಿ ಕರಿದು ಬೀದಿಬದಿಯಲ್ಲಿ ಮಾರುತ್ತಾರೆ, ನಾವು ಪೋಡಿ ಮಾಡಿ ಸಂಜೆಯ ಚಹಾಕ್ಕೆ ತಿನ್ನುತ್ತೇವೆ. ನಮ್ಮ ಹಿತ್ತಿಲಲ್ಲಿ ಇಂಡೋನೇಷ್ಯಾ ಬೆಳೆಯುತ್ತಿದೆ!

ಅನ್ನ-ಮೀನಿನ ಕಥೆ ಇಷ್ಟಾದರೆ, ಗೇಲಾಂಗ್ ಸೆರಾಯ್ ಮಾರುಕಟ್ಟೆಯಲ್ಲಿ ಇನ್ನೊಂದು ಕಾದಿತ್ತು. ಎಳೆಯ ತೆಂಗಿನ ಗರಿಯಿಂದ ಹೆಣೆದ, ಅಂಗೈಯಗಲದ ಪೊಟ್ಟಣಗಳು, ಗೊಂಚಲು ಗೊಂಚಲಾಗಿ ತೂಗುಹಾಕಿದ್ದವು. ಕೆತುಪಾತ್. ಒಳಗೆ ಅಕ್ಕಿ ತುಂಬಿ ಗಂಟೆಗಟ್ಟಲೆ ನೀರಿನಲ್ಲಿ ಕುದಿಸುತ್ತಾರೆ. ಅಕ್ಕಿ ಅರಳಿ ಅರಳಿ ಜಾಗ ಸಾಲದೆ ಒತ್ತಿಕೊಂಡು ಗಟ್ಟಿ ಗಡ್ಡೆಯಾಗುತ್ತದೆ. ಈದ್ ಹಬ್ಬಕ್ಕೆ ಅದಿಲ್ಲದೆ ಆಗದು. ಬಾಳೆ ಎಲೆಯ ಸುರುಳಿಯಲ್ಲಿ ಬೇಯಿಸಿದರೆ ಲೊಂತೋಂಗ್. ನಾನು ನಿಂತಲ್ಲೇ ನಿಂತೆ. ಅಷ್ಟಮಿಗೆ, ಚೌತಿಗೆ ಮುಂಡುಕನ ಎಲೆಯ ಮುಳ್ಳು ಸೀಳಿ ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ಕಟ್ಟುವ ಮೂಡೆ! ನಾಲ್ಕು ಹಲಸಿನ ಎಲೆ ಜೋಡಿಸಿ ಕಟ್ಟುವ ಕೊಟ್ಟೆ! ಒಳಗಿನದು ಬೇರೆ. ನಮ್ಮದು ಉದ್ದು-ಅಕ್ಕಿ ಅರೆದು ಹುಳಿ ಬರಿಸಿದ ಹಿಟ್ಟು, ಅವರದು ಬರಿಯ ಅಕ್ಕಿ. ಆದರೆ ಎಲೆಯನ್ನೇ ಪಾತ್ರೆ ಮಾಡಿಕೊಳ್ಳುವ, ಎಲೆಯ ಪರಿಮಳವನ್ನೇ ಒಗ್ಗರಣೆ ಮಾಡಿಕೊಳ್ಳುವ, ಹಬ್ಬದ ಹಿಂದಿನ ದಿನ ಮನೆಯ ಹೆಂಗಸರೆಲ್ಲ ಜಗಲಿಯಲ್ಲಿ ಕೂತು ಹೆಣೆಯುವ ಆ ಬುದ್ಧಿ ಒಂದೇ. ಮಾರುತ್ತಿದ್ದ ಅಜ್ಜಿಗೆ ನನ್ನ ಮೊಬೈಲಿನಲ್ಲಿದ್ದ ಮೂಡೆಯ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ನಕ್ಕು, ಒಂದು ಖಾಲಿ ಕೆತುಪಾತ್ ಬಿಚ್ಚಿ ಮತ್ತೆ ನಿಧಾನವಾಗಿ ಹೆಣೆದು ತೋರಿಸಿದರು. ಭಾಷೆ ಬೇಕಾಗಲಿಲ್ಲ. ಎರಡು ಗರಿ, ಎರಡು ಕೈ, ಒಂದು ಕೈಗೆ ಸುತ್ತಿ ಇನ್ನೊಂದರ ಕೆಳಗೆ ತೂರಿಸುವುದು. ನನ್ನ ಬೆರಳು ತಪ್ಪಿದಲ್ಲೆಲ್ಲ ಅವರ ಬೆರಳು ಬಂದು ಸರಿಪಡಿಸಿತು.

ಸಿಹಿಯ ಸಾಲಿಗೆ ಬಂದರೆ ನಂಬುವುದೇ ಕಷ್ಟ. ಕೋಲಾಕ್ ಎಂದು ಬಟ್ಟಲಲ್ಲಿ ಕೊಟ್ಟದ್ದು ಬಾಳೆಹಣ್ಣು, ಕಾಯಿಹಾಲು, ತಾಳೆ-ತೆಂಗಿನ ಬೆಲ್ಲ. ನಮ್ಮ ರಸಾಯನ! ನಾವು ಹಸಿಯಾಗಿ ಕಲಸುತ್ತೇವೆ, ಅವರು ಕುದಿಸುತ್ತಾರೆ. ರಂಜಾನಿನ ಸಂಜೆ ಉಪವಾಸ ಬಿಡಲು ಅದೇ ಬೇಕು. ಬುಬುರ್ ಕಾಚಾಂಗ್ ಹಿಜೌ ಎಂಬುದು ಹೆಸರುಕಾಳು, ಬೆಲ್ಲ, ಕಾಯಿಹಾಲು. ಕಾಳನ್ನು ಬೇಳೆ ಮಾಡಿ ಒಂದು ಏಲಕ್ಕಿ ಹಾಕಿದರೆ ನಮ್ಮ ಮದುವೆ ಮನೆಯ ಪಾಯಸ. ಸೆರಾಬಿ ಎಂದರೆ ಅಕ್ಕಿಹಿಟ್ಟು-ಕಾಯಿಹಾಲಿನ ಪುಟ್ಟ ದೋಸೆ, ಮೇಲೆ ಕರಗಿಸಿದ ಬೆಲ್ಲ. ನೀರ್ ದ್ವಾಸಿಗೆ ಕಾಯಿ-ಬೆಲ್ಲ ಹಾಕಿಕೊಂಡು ತಿನ್ನುವ ಜನಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕೇ? ಆ ಬೆಲ್ಲದ ಕಪ್ಪು, ಹೊಗೆಯ ಛಾಯೆ ನಮ್ಮ ಓಲೆಬೆಲ್ಲದ್ದೇ. ಕ್ಲೆಪೋನ್ ಎಂಬ ಹಸಿರು ಉಂಡೆಯನ್ನು ಮಾತ್ರ ಪೂರ್ತಿ ಬಾಯಿಗಿಟ್ಟು ತುಟಿ ಮುಚ್ಚಿಕೊಂಡು ಕಚ್ಚಬೇಕು, ಒಳಗಿನ ಬಿಸಿ ಬೆಲ್ಲ ಚಿಮ್ಮುತ್ತದೆ.

ಹೀಗೇಕೆ? ಇಷ್ಟೊಂದು ಹೊಂದಿಕೆ ಹೇಗೆ? ರಾತ್ರಿಯೆಲ್ಲ ಅದೇ ಯೋಚನೆ. ತೆಂಗು, ಭತ್ತ, ಮಳೆ, ಮೀನು ಇರುವಲ್ಲಿ ಜನ ಹೀಗೇ ಉಣ್ಣುತ್ತಾರೆ ಎಂಬುದು ನಿಜ. ಆದರೆ ಅಷ್ಟೇ ಆಗಿರಲಾರದು ಅನಿಸುತ್ತದೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಎಂಬ ಮೊರಾಕೊದ ಯಾತ್ರಿಕ ನಮ್ಮ ಕರಾವಳಿಯಲ್ಲಿ ಇಳಿದು ಬಂದ. ಹೊನ್ನಾವರದ ಸುಲ್ತಾನನ ಮನೆಯಲ್ಲಿ ಅವನಿಗೆ ಅನ್ನ, ತುಪ್ಪ, ಕಾಳುಮೆಣಸು-ಶುಂಠಿ-ನಿಂಬೆ-ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು ಬಡಿಸಿದರೆಂದು ಬರೆದಿದ್ದಾನೆ. ಅಲ್ಲಿಂದ ದಕ್ಷಿಣಕ್ಕೆ ಬಂದು ಬಸ್ರೂರನ್ನು ಕಂಡ, ತೆಂಗಿನ ಮರಗಳು ತುಂಬಿದ ಊರೆಂದ. ಬಾರಕೂರನ್ನು ಕಂಡ, ಅಲ್ಲಿನ ಕಬ್ಬನ್ನು ಹೊಗಳಿದ. ಕೆಲ ವರ್ಷಗಳ ಬಳಿಕ ಅದೇ ಮನುಷ್ಯ ಸುಮಾತ್ರಾದಲ್ಲಿದ್ದ. ಅಲ್ಲಿ ಕಂಡ ಗಿಡಮರಗಳ ಪಟ್ಟಿ ಮಾಡುತ್ತಾ ತೆಂಗು, ಅಡಿಕೆ, ಹಲಸು, ಮಾವು, ನೇರಳೆ ಎಂದು ಬರೆದ. ಕುಂದಾಪುರ ತಾಲೂಕಿನ ಬಸ್ರೂರನ್ನೂ ಬ್ರಹ್ಮಾವರ ತಾಲೂಕಿನ ಬಾರಕೂರನ್ನೂ ಕಂಡ ಅವೇ ಎರಡು ಕಣ್ಣು ರೆಂದಾಂಗಿನ ದ್ವೀಪವನ್ನೂ ಕಂಡವು!

ಮತ್ತೆ ಲವಂಗವನ್ನು ನೆನೆಯಿರಿ. ಕೋಳಿ ಮಸಾಲೆ ಹುರಿಯುವಾಗ ಎರಡೇ ಎರಡು ಹಾಕುವ ಲವಂಗ. ಒಂದಾನೊಂದು ಕಾಲಕ್ಕೆ ಅದು ಜಗತ್ತಿನಲ್ಲಿ ಬೆಳೆಯುತ್ತಿದ್ದದ್ದು ತೆರ್ನಾತೆ, ತಿದೋರೆಯಂಥ ಮಲುಕು ದ್ವೀಪಗಳಲ್ಲಿ ಮಾತ್ರ. ಜಾಯಿಕಾಯಿ, ಜಾಯಿಪತ್ರೆ ಬಾಂದಾ ದ್ವೀಪಗಳಲ್ಲಿ ಮಾತ್ರ. ಆ ಕಾಲದಲ್ಲಿ ನಮ್ಮ ಹಿರಿಯರ ಮಸಾಲೆ ಡಬ್ಬಿಗೆ ಬಂದ ಪ್ರತಿಯೊಂದು ಲವಂಗವೂ ಇಂಡೋನೇಷ್ಯಾದ ಸಮುದ್ರ ದಾಟಿಯೇ ಬಂದದ್ದು. ಮೆಣಸಿನಕಾಯಿಯಂತೂ ಇಬ್ಬರಿಗೂ ಹೊರಗಿನದು. ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಮಲಕ್ಕಾವನ್ನು 1511ರಲ್ಲಿ. ಒಂದೇ ವರ್ಷದ ಅಂತರ! ಬ್ಯಾಡಗಿಯ ಬಣ್ಣವೂ ಸಾಂಬಲಿನ ಉರಿಯೂ ಒಂದೇ ಹಡಗಿನ ಸಾಲಿನ ಹಿಂದೆ ಬಂದವು.

ನನ್ನ ಮೈ ನವಿರೇಳಿಸಿದ್ದು ಡಚ್ಚರ ಕಥೆ. ಅವರ ಈಸ್ಟ್ ಇಂಡಿಯಾ ಕಂಪನಿ 1619ರಲ್ಲಿ ಜಾವಾದಲ್ಲಿ ಬತಾವಿಯಾ ಕಟ್ಟಿತು, ಈಗಿನ ಜಕಾರ್ತಾ. ಅದೇ ಕಂಪನಿ 1667ರಿಂದ ಸುಮಾರು 15 ವರ್ಷ ನಮ್ಮ ಬಸ್ರೂರಿನಲ್ಲೂ ವ್ಯಾಪಾರದ ಕೋಠಿ ಇಟ್ಟಿತ್ತು! ಬಸ್ರೂರಿನ ಅಕ್ಕಿ ಆಗ ಕಡಲಾಚೆಗೆಲ್ಲ ಹೋಗುತ್ತಿದ್ದ ಸರಕು. ಪೋರ್ಚುಗೀಸರು ಅದಕ್ಕಾಗಿಯೇ 1569ರಲ್ಲಿ ಅಲ್ಲಿ ಕೋಟೆ ಹಿಡಿದು ಕೂತಿದ್ದರು. ಶಿವಾಜಿ 1665ರಲ್ಲಿ ಹಡಗಿನಲ್ಲಿ ಬಂದು ಕೊಳ್ಳೆ ಹೊಡೆದದ್ದೂ ಆ ಸಿರಿಯನ್ನು ಕಂಡೇ. ಡಚ್ಚರು ಬಸ್ರೂರಿಗೆ ಕಾಲಿಟ್ಟ ಅದೇ 1667ರಲ್ಲಿ ಯುರೋಪಿನ ಬ್ರೆಡಾ ಒಪ್ಪಂದದಂತೆ ಇಂಗ್ಲಿಷರು ಬಾಂದಾದ ರುನ್ ಎಂಬ ಪುಟ್ಟ ಜಾಯಿಕಾಯಿ ದ್ವೀಪವನ್ನು ಡಚ್ಚರಿಗೆ ಬಿಟ್ಟರು, ಪ್ರತಿಯಾಗಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಇಂಗ್ಲಿಷರ ಕೈಯಲ್ಲೇ ಉಳಿಯಿತು. ವಾರಾಹಿ ಹೊಳೆಯ ದಂಡೆಯ ಬಸ್ರೂರು, ಜಾವಾದ ಬತಾವಿಯಾ, ಜಾಯಿಕಾಯಿಯ ಬಾಂದಾ, ಒಂದೇ ಕಂಪನಿಯ ಲೆಕ್ಕದ ಪುಸ್ತಕದಲ್ಲಿ! ಬಸ್ರೂರಿನ ದೇವಸ್ಥಾನಗಳ ಮುಂದೆ ಹಾದುಹೋಗುವಾಗ ಇನ್ನು ಮೇಲೆ ನನ್ನ ಕಣ್ಣು ಹೊಳೆಯ ಕಡೆಗೇ ಹೋಗುತ್ತದೆ.

ಎಲ್ಲವೂ ನಮ್ಮದೇ ಎಂದು ಹೇಳುವ ಆಸೆ ನನಗಿಲ್ಲ, ಹಾಗೆ ಹೇಳಿದರೆ ಅವರ ಕೈರುಚಿಗೆ ಅವಮಾನ. ತೆಂಪೆಯಂಥದು ನಮ್ಮಲ್ಲಿ ಇಲ್ಲವೇ ಇಲ್ಲ. ಬೇಯಿಸಿದ ಸೋಯಾ ಕಾಳಿಗೆ ಒಂದು ಬಗೆಯ ಬೂಷ್ಟು ಬರಿಸಿ, ಬೆಳ್ಳಗಿನ ಎಳೆಗಳು ಕಾಳನ್ನೆಲ್ಲ ಹೆಣೆದು ಗಟ್ಟಿ ಮಾಡಿದ ಇಟ್ಟಿಗೆಯದು. ಹಿಂದೆ ಬಾಳೆ ಅಥವಾ ತೇಗದ ಎಲೆಯಲ್ಲಿ ಸುತ್ತಿಡುತ್ತಿದ್ದರು. ತೆಳ್ಳಗೆ ಕೊಯ್ದು ಕರಿದರೆ ಅಡಿಕೆ ಹಾಳೆಯ ತುಂಬ ತಿನ್ನಬಹುದು. ಜಾವಾದ ಯೋಗ್ಯಕರ್ತದ ಗುದೆಗ್‌ನಲ್ಲಿ ಗುಜ್ಜೆಯನ್ನು ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿ, ತೇಗದ ಎಲೆಯಿಂದ ಕೆಂಪು ಬಣ್ಣ ಬರಿಸುತ್ತಾರೆ. ಅಷ್ಟು ಸಿಹಿ ಸಾರು ನನ್ನ ನಾಲಿಗೆಗೆ ಒಗ್ಗಲಿಲ್ಲ, ನನಗೆ ಪಾದಾಂಗಿನ ಖಾರದ ಗುಜ್ಜೆಯೇ ಮೇಲು. ನಾವು ಅಲ್ಲಿ ಉಂಡ ಊಟದಲ್ಲಿ ತುಪ್ಪವಿರಲಿಲ್ಲ, ಮೊಸರಿರಲಿಲ್ಲ, ಕುಚ್ಚಲಕ್ಕಿ ಇರಲಿಲ್ಲ. ಬಿಳಿ ಅನ್ನದ ಮೇಲೆ ಆ ಗುಲೈ ಸುರಿದುಕೊಂಡಾಗಲೆಲ್ಲ ನಮ್ಮ ಕೆಂಪು ಕುಚ್ಚಲಕ್ಕಿಯ ಅನ್ನ ಇದ್ದಿದ್ದರೆ ಎಂದು ನಾನೂ ತಂಗಿಯೂ ನಿಟ್ಟುಸಿರು ಬಿಟ್ಟೆವು.

ಸಿಂಗಾಪುರಕ್ಕೆ ಹೋಗುವವರಿಗೆ ಒಂದೆರಡು ಮಾತು. ಬರೀ ಇಂಡೋನೇಷ್ಯಾದ ಊಟ ಎಂದು ಕೇಳಬೇಡಿ, ಯಾವ ದ್ವೀಪದ್ದು, ಯಾವ ಊರಿನದು ಎಂದು ಕೇಳಿ. ಜಾವಾದವರದ್ದು ಸಿಹಿ, ಸುಮಾತ್ರಾದವರದ್ದು ಖಾರ. ನಮ್ಮವರು ಸುಮಾತ್ರಾದಿಂದ ಶುರು ಮಾಡುವುದೇ ಒಳ್ಳೆಯದು. ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಹೋಗಿ, ತಟ್ಟೆಗಳು ತುಂಬಿರುತ್ತವೆ. ಭಾನುವಾರವಾದರೆ ಪಾಯಾ ಲೆಬಾರ್ ಬಳಿಯ ಸಿಟಿ ಪ್ಲಾಜಾಕ್ಕೆ ಹೋಗಲೇಬೇಕು. ಮನೆಗೆಲಸಕ್ಕೆ ಬಂದ ಇಂಡೋನೇಷ್ಯಾದ ಹೆಣ್ಣುಮಕ್ಕಳು ರಜೆಯ ದಿನ ಅಲ್ಲಿ ಸೇರುತ್ತಾರೆ. ಅವರು ಎಲ್ಲಿ ಕೂತು ಉಣ್ಣುತ್ತಾರೋ ಅಲ್ಲಿ ಕೂರಿ. ಊರು ಬಿಟ್ಟು ದುಡಿಯುವವರ ನಾಲಿಗೆಗೆ ಮೋಸ ಮಾಡಿ ಯಾವ ಅಂಗಡಿಯೂ ಉಳಿಯುವುದಿಲ್ಲ, ಮುಂಬಯಿಯಲ್ಲಿ ನಮ್ಮವರ ಖಾನಾವಳಿಗಳನ್ನು ಬೆಳೆಸಿದ್ದೂ ಅಂಥ ನಾಲಿಗೆಗಳೇ. ನೆದರ್ಲೆಂಡ್ಸಿನಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳಿಗೂ ಈ ಮಾತು ಮುಟ್ಟಲಿ: ಅಲ್ಲಿ, ಅದರಲ್ಲೂ ಹೇಗ್ ನಗರದಲ್ಲಿ, ಹಳೆಯ ಇಂಡೋನೇಷ್ಯಾ ಅಡುಗೆಯ ಅಂಗಡಿಗಳು ಬೇಕಾದಷ್ಟಿವೆ. ಚಳಿಯಲ್ಲಿ ಊರು ನೆನಪಾಗಿ ಕಾಡುವ ದಿನ ಒಂದು ತಟ್ಟೆ ಗುಜ್ಜೆ ಗುಲೈ ತಿನ್ನಿ.

ಊರಿಗೆ ಬಂದವಳು ಸುಮ್ಮನಿರಲಾರೆ. ರೆಂದಾಂಗಿಗೆ ಬೇಕಾದದ್ದು ಏನು ನಮ್ಮಲ್ಲಿಲ್ಲ? ಅರಿಸಿನ ಎಲೆ ಹಿತ್ತಿಲಲ್ಲಿದೆ, ಮಳೆಗಾಲದಿಂದ ದೀಪಾವಳಿಯವರೆಗೆ ಯಥೇಚ್ಛ. ಮಜ್ಜಿಗೆ ಹುಲ್ಲನ್ನು ಕಷಾಯಕ್ಕೆಂದು ಎಷ್ಟೋ ಮನೆಯವರು ನೆಟ್ಟಿದ್ದಾರೆ. ದುಂಪರಾಷ್ಮಿಯ ಒಣ ಬೇರು ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಹಸಿಯದಾದರೆ ಇನ್ನೂ ಮೇಲು. ಅವರ ಹುಳಿಯ ಬದಲಿಗೆ ಮುರುಗಲ ಸಿಪ್ಪೆ. ಆ ನಿಂಬೆಯ ಎಲೆಗೆ ಬದಲಾಗಿ ನಮ್ಮ ಲಿಂಬೆಯ ಎಳೆ ಎಲೆ ಎರಡು, ನಡುವಿನ ನಾರು ತೆಗೆದು. ಕಾಯಿಯಂತೂ ಹೇಳಬೇಕಾಗಿಯೇ ಇಲ್ಲ; ಒಂದು ಕೋಳಿಗೆ ಚೆನ್ನಾಗಿ ಬಲಿತ ಮೂರು ಕಾಯಿಯ ಹಾಲು ತೆಗೆಯಿರಿ, ಕೈ ಬಿಗಿ ಹಿಡಿಯಬೇಡಿ, ಕೊನೆಗೆ ಹುರಿಯಲು ಎಣ್ಣೆ ಬಿಡಬೇಕಾದದ್ದು ಅದೇ. ಊರ ಕೋಳಿಯೇ ಆಗಬೇಕು, ಫಾರಂ ಕೋಳಿ ಅಷ್ಟು ಹೊತ್ತಿನ ಬೇಯುವಿಕೆಗೆ ಕರಗಿಹೋಗುತ್ತದೆ. ಮಾಂಸ ತಿನ್ನದ ಮನೆಗಳಲ್ಲಿ ಫೆಬ್ರವರಿ-ಮಾರ್ಚಿನ ಎಳೆ ಗುಜ್ಜೆ ಹಾಕಿ, ಇದು ಸುಮಾತ್ರಾದವರೂ ಮಾಡುವ ಕ್ರಮವೇ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಕಾಯಿಹಾಲು ಮೊದಲ ಕುದಿ ಬರುವವರೆಗೆ ಸೌಟು ಬಿಡದೆ ತಿರುವುತ್ತಿರಬೇಕು, ಇಲ್ಲದಿದ್ದರೆ ಒಡೆಯುತ್ತದೆ. ನೀರೆಲ್ಲ ಆರಿ, ಎಣ್ಣೆ ಮೇಲೆದ್ದು, ಮಸಾಲೆ ಬಾಣಲೆಯ ಅಂಚು ಬಿಡುವಾಗ ಅವಸರ ಮಾಡಬೇಡಿ. ಅಲ್ಲಿಂದ ಮುಂದೆ ಇನ್ನೂ ಅರ್ಧ ಗಂಟೆ ಬೇಕು. ಮರುದಿನ ಬೆಳಿಗ್ಗೆ ನೀರ್ ದ್ವಾಸಿಗೆ ಒಂದಿಷ್ಟು ಎತ್ತಿಡಿ, ಅದು ಒಂದು ರಾತ್ರಿ ಕಳೆದ ಮೇಲೆ ಇನ್ನೂ ರುಚಿ.